ಹೆರಿಗೆ ನೋವನ್ನು ಅಳೆಯುವುದು ಹೇಗೆ: ಎಲ್ಲಿಂದ ಎಣಿಸಬೇಕು, ಯಾವಾಗ ಹೊರಡಬೇಕು

ತಿಂಗಳು ತುಂಬಿದವರೂ ಅವರ ಜೊತೆಗಿರುವವರೂ ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ನೋವು ಬಂದ ಕೂಡಲೇ ಫೋನ್ ತೆಗೆದು ಎಣಿಸಲು ಕೂರುತ್ತಾರೆ. ಆದರೆ ಒಂದು ನೋವು ಮುಗಿದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಣಿಸುತ್ತಾರೆ. ಅಲ್ಲಿಗೆ ಲೆಕ್ಕ ತಪ್ಪಿತು. ಆಸ್ಪತ್ರೆಗೆ ಹೋದರೆ "ಇನ್ನೂ ಟೈಮ್ ಇದೆ" ಎಂದು ವಾಪಸ್ ಕಳಿಸುತ್ತಾರೆ.

ಇನ್ನು ಕೆಲವರು ಲೆಕ್ಕ ಸರಿಯಾಗಿಯೇ ಇಡುತ್ತಾರೆ, ಆದರೆ ಅದರಲ್ಲೇ ಮುಳುಗಿಹೋಗಿ ಮಗು ಬೆಳಗ್ಗೆಯಿಂದ ಸರಿಯಾಗಿ ಆಡಿಲ್ಲ ಅನ್ನುವುದನ್ನೋ, ಹೋದ ನೀರು (ಗರ್ಭದಲ್ಲಿ ಮಗುವಿನ ಸುತ್ತ ಇರುವ ನೀರು) ಹಸಿರಾಗಿತ್ತು ಅನ್ನುವುದನ್ನೋ ಗಮನಿಸುವುದೇ ಇಲ್ಲ. ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಎಷ್ಟೋ ದೊಡ್ಡದು. ಅದಕ್ಕೇ ಕೆಳಗಿನ ಹಂತಗಳಲ್ಲಿ ಗಡಿಯಾರ ಮೊದಲು ಬರುವುದಿಲ್ಲ. ದಯವಿಟ್ಟು ಈ ಕ್ರಮವನ್ನು ಹಿಂದೆ ಮುಂದೆ ಮಾಡಬೇಡಿ.

ಹಂತ 1: ನೋವು ಬರುವ ಮುಂಚೆಯೇ ಕೇಳಿಟ್ಟುಕೊಳ್ಳಿ

36ನೇ ವಾರದ ಹೊತ್ತಿಗೆ ನಿಮ್ಮ ಡಾಕ್ಟರ್ ಹತ್ತಿರ ಒಂದು ಪ್ರಶ್ನೆ ಕೇಳಿ: "ನನ್ನ ವಿಷಯದಲ್ಲಿ ಎಷ್ಟು ನಿಮಿಷಕ್ಕೊಮ್ಮೆ ನೋವು ಬಂದರೆ ಹೊರಡಬೇಕು?" ಅವರು ಹೇಳಿದ್ದೇ ನಿಮ್ಮ ನಿಯಮ. ಈ ಬರಹದಲ್ಲಿರುವ ಅಂಕಿಗಿಂತ ಅದು ಬೇರೆಯಾಗಿದ್ದರೆ ಅವರ ಮಾತನ್ನೇ ಇಟ್ಟುಕೊಳ್ಳಿ, ಯಾಕೆಂದರೆ ನಿಮ್ಮ ಸ್ಕ್ಯಾನ್, ಬಿಪಿ, ಹಿಂದಿನ ಹೆರಿಗೆ ಎಲ್ಲ ಗೊತ್ತಿರುವುದು ಅವರಿಗೆ.

ಕೆಲವರು 5 ನಿಮಿಷ, 10 ನಿಮಿಷ ಅಂತ ಕಾಯಲೇಬಾರದು. ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳಿರುವವರು, ಮಗು ಉಲ್ಟಾ ಅಥವಾ ಅಡ್ಡ ಇರುವವರು, ಕಸ (ಮಾಸು, ಪ್ಲಾಸೆಂಟಾ) ಕೆಳಗಿದೆ ಎಂದು ಸ್ಕ್ಯಾನ್‌ನಲ್ಲಿ ಬಂದವರು, ಬಿಪಿ ಜಾಸ್ತಿ ಇರುವವರು, ಜಿಬಿಎಸ್ (ಗ್ರೂಪ್ ಬಿ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾ) ಪರೀಕ್ಷೆ ಪಾಸಿಟಿವ್ ಬಂದವರು, ಹಿಂದಿನ ಹೆರಿಗೆ ತುಂಬಾ ಬೇಗ ಆದವರು. ಇವರು ನೋವು ಕ್ರಮವಾಗಿ ಬರುತ್ತಿದೆ ಅನ್ನಿಸಿದ ಕೂಡಲೇ ಫೋನ್ ಮಾಡಬೇಕು. ಈ ಪಟ್ಟಿಯಲ್ಲಿ ನೀವು ಇದ್ದೀರಾ ಎಂದು ಇವತ್ತೇ ಕೇಳಿ ತಿಳಿದುಕೊಳ್ಳಿ. ನೋವು ಶುರುವಾದ ಮೇಲೆ ಫೈಲ್ ಹುಡುಕುತ್ತಾ ಕೂರಲು ಆಗುವುದಿಲ್ಲ.

ಬೇಕಾದ ಸಾಮಾನು ಕಡಿಮೆ. ಸೆಕೆಂಡ್ ತೋರಿಸುವ ಗಡಿಯಾರ ಅಥವಾ ಫೋನ್. ಒಂದು ಹಾಳೆ, ಪೆನ್ನು. ದಪ್ಪ ಪ್ಯಾಡ್‌ಗಳು, ಸಾಧ್ಯವಾದರೆ ಬಿಳಿ ಬಣ್ಣದವು, ನೀರಿನ ಬಣ್ಣ ಗೊತ್ತಾಗಲಿ ಎಂದು. ತುಂಬಾ ಹೀರುವ ಪ್ಯಾಡ್‌ನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಸಾಧಾರಣ ಪ್ಯಾಡ್ ಸಾಕು. ಆಸ್ಪತ್ರೆಯ ನಂಬರ್ ಮತ್ತು ಆಂಬುಲೆನ್ಸ್ ನಂಬರ್ ಎರಡನ್ನೂ ಹಾಳೆಯ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದಿಡಿ.

ಆ್ಯಪ್ ಬೇಕಾ? ಇದ್ದರೆ ಬಳಸಿ, ತೊಂದರೆ ಇಲ್ಲ. ಆದರೆ ಒಂದು ಸಲ ಬಟನ್ ಒತ್ತಲು ಮರೆತರೆ ಅದರ ಸರಾಸರಿ ಪೂರ್ತಿ ತಪ್ಪಾಗುತ್ತದೆ. ಅಷ್ಟೇ ಅಲ್ಲ, "ಈಗ ಹೊರಡಿ" ಎಂದು ಅದು ಹೇಳುವುದು ಬರೀ ನಿಮಿಷ ನೋಡಿ. ನಿಮ್ಮ ಹಳೆಯ ಸಿಸೇರಿಯನ್ ಹೊಲಿಗೆಯಾಗಲಿ, ನೀರಿನ ಬಣ್ಣವಾಗಲಿ ಅದಕ್ಕೆ ಗೊತ್ತಿಲ್ಲ. ನನ್ನ ಅಭಿಪ್ರಾಯದಲ್ಲಿ ಹಾಳೆಯೇ ವಾಸಿ. ಕೊನೆಗೆ ನರ್ಸ್ ಕೈಗೆ ಕೊಡಲು ಬರುವುದೂ ಅದೇ.

ಹಂತ 2: ಎಣಿಸುವ ಮುಂಚೆ ಇವನ್ನು ನೋಡಿ

ಕೆಳಗಿನವುಗಳಲ್ಲಿ ಒಂದು ಇದ್ದರೂ ಎಣಿಸುವುದನ್ನು ಬಿಡಿ, ಆಸ್ಪತ್ರೆಗೆ ಹೊರಡಿ. ನೋವು 20 ನಿಮಿಷಕ್ಕೊಮ್ಮೆ ಬರಲಿ, ಬಾರದೇ ಇರಲಿ.

- 37 ವಾರ ತುಂಬಿಲ್ಲ, ಆದರೂ ಹೊಟ್ಟೆ ಪದೇ ಪದೇ ಬಿಗಿಯಾಗಿ ಸಡಿಲವಾಗುತ್ತಿದೆ. ನೋವೇ ಇಲ್ಲದಿದ್ದರೂ ಇದು ಲೆಕ್ಕಕ್ಕೆ ಬರುತ್ತದೆ.
- ಮುಟ್ಟಿನಷ್ಟು ಅಥವಾ ಅದಕ್ಕಿಂತ ಜಾಸ್ತಿ ರಕ್ತ ಹೋಗುತ್ತಿದೆ.
- ಮಗುವಿನ ಆಟ ಎಂದಿನಂತಿಲ್ಲ, ಕಡಿಮೆಯಾಗಿದೆ, ಅಥವಾ ನಿಂತಿದೆ.
- ಹೋದ ನೀರು ಹಸಿರು, ಕಂದು ಅಥವಾ ಕೆಂಪು ಬಣ್ಣದ್ದು, ಇಲ್ಲವೇ ಕೆಟ್ಟ ವಾಸನೆ ಬರುತ್ತಿದೆ.
- ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಹಾಗೇ ಇದೆ, ಸಡಿಲವಾಗುತ್ತಲೇ ಇಲ್ಲ. ಅಥವಾ ನೋವು ಬಂದು ಹೋಗುವುದರ ಬದಲು ಒಂದೇ ಸಮನೆ ಇದೆ.
- ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಫಿಟ್ಸ್.
- 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಚಳಿ.
- ತಲೆ ಸುತ್ತಿ ಬೀಳುವಂತಾಗುವುದು, ಉಸಿರಾಡಲು ಕಷ್ಟವಾಗುವುದು.

ಮಗುವಿನ ಆಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. "ಹೆರಿಗೆ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತೆ, ಜಾಗ ಇರಲ್ಲ ಅಲ್ವಾ" ಎಂದು ಸಮಾಧಾನ ಹೇಳುವವರು ಎಲ್ಲ ಕಡೆ ಇದ್ದಾರೆ. ಅದು ಸರಿಯಲ್ಲ. ಕೊನೆಯ ವಾರಗಳಲ್ಲಿ ಒದೆಯುವ ರೀತಿ ಬದಲಾಗಬಹುದು, ಒದೆತದ ಬದಲು ಹೊರಳಿದಂತೆ ಅನ್ನಿಸಬಹುದು. ಆದರೆ ಆಟ ಕಡಿಮೆಯಾಗಬಾರದು, ನೋವು ಶುರುವಾದ ಮೇಲೂ ಕಡಿಮೆಯಾಗಬಾರದು. ಕಡಿಮೆ ಅನ್ನಿಸಿದರೆ ಸಿಹಿ ತಿಂದು ನೋಡೋಣ, ಬೆಳಗಾಗಲಿ ನೋಡೋಣ ಎಂದು ಕಾಯಬೇಡಿ. ಹೋಗಿ ಮಗುವಿನ ಎದೆಬಡಿತ ಕೇಳಿಸಿಕೊಂಡು ಬನ್ನಿ. ಎಲ್ಲ ಸರಿ ಇದ್ದು ವಾಪಸ್ ಬಂದರೆ ಅದು ವ್ಯರ್ಥ ಓಡಾಟವಲ್ಲ.

37 ವಾರಕ್ಕಿಂತ ಮುಂಚೆ ಯಾಕಿಷ್ಟು ಅವಸರ? ಬೇಗ ಹೋದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡಬೇಕೇ ಎಂದು ನೋಡಲು ಸಮಯ ಸಿಗುತ್ತದೆ. ಆ ಮದ್ದು ಕೆಲಸ ಮಾಡಲು ಕೆಲವು ಗಂಟೆಗಳೇ ಬೇಕು. ಮನೆಯಲ್ಲಿ ಎಣಿಸುತ್ತಾ ಕಳೆದ ಗಂಟೆಗಳು ಅಲ್ಲಿ ಸಿಗುವುದಿಲ್ಲ.

ಹಂತ 3: ಕೈಯಿಟ್ಟು ನೋಡಿ

ಮೇಲಿನ ಯಾವುದೂ ಇಲ್ಲ ಎಂದಾದರೆ ಈಗ ನಿಧಾನವಾಗಿ ಕೂತುಕೊಳ್ಳಿ, ಅಥವಾ ಎಡಗಡೆಗೆ ತಿರುಗಿ ಮಲಗಿ. ಅಂಗೈಯನ್ನು ಹೊಟ್ಟೆಯ ಮೇಲ್ಭಾಗದಲ್ಲಿ, ಹೊಕ್ಕುಳಿಗಿಂತ ಮೇಲೆ ಇಡಿ. ಒತ್ತಬೇಡಿ, ಸುಮ್ನೆ ಇಟ್ಟುಕೊಳ್ಳಿ.

ಗರ್ಭಕೋಶ ಸ್ನಾಯುವಿನ ಚೀಲ. ಅದು ಹಿಂಡಿಕೊಂಡಾಗ ಹೊಟ್ಟೆ ಪೂರ್ತಿ ಗಟ್ಟಿಯಾಗುತ್ತದೆ, ಬಿಟ್ಟಾಗ ಮತ್ತೆ ಮೆತ್ತಗಾಗುತ್ತದೆ. ಹೀಗೆ ಗಟ್ಟಿಯಾಗಿ ಮೆತ್ತಗಾಗುವ ಒಂದು ಸುತ್ತು ಒಂದು ನೋವು. ಹೊಟ್ಟೆಯ ಒಂದೇ ಬದಿ ಉಬ್ಬಿಕೊಂಡರೆ ಅದು ಮಗು ಹೊರಳಿದ್ದಿರಬಹುದು. ಎಲ್ಲೋ ಒಂದು ಕಡೆ ಚುಚ್ಚಿ ಕ್ಷಣದಲ್ಲಿ ಹೋಗುವುದು ಇದಲ್ಲ.

ಎಷ್ಟು ಗಟ್ಟಿ ಎಂದು ಅಳೆಯಲು ನಿಮ್ಮ ಮುಖವನ್ನೇ ಮುಟ್ಟಿ ನೋಡಿಕೊಳ್ಳಿ. ಹೊಟ್ಟೆ ಮೂಗಿನ ತುದಿಯಷ್ಟು ಗಟ್ಟಿಯಾದರೆ ಸಣ್ಣ ನೋವು. ಗದ್ದದಷ್ಟಾದರೆ ಮಧ್ಯಮ. ಹಣೆಯಷ್ಟು ಗಟ್ಟಿಯಾಗಿ ಬೆರಳು ಒಳಕ್ಕೆ ಹೋಗದಿದ್ದರೆ ಜೋರು ನೋವು. ಹೆರಿಗೆ ಮಾಡಿಸುವವರು ಬಳಸುವ ಅಳತೆ ಇದು. ಜೊತೆಗಿರುವವರಿಗೂ ಹೇಳಿಕೊಡಿ, ಆಮೇಲೆ ಮಾತಾಡಲು ಮನಸ್ಸಿಲ್ಲದ ಹೊತ್ತಿನಲ್ಲಿ ಅವರೇ ಕೈಯಿಟ್ಟು ತಿಳಿದುಕೊಳ್ಳಬಹುದು.

ಎಲ್ಲರಿಗೂ ಹೊಟ್ಟೆಯಲ್ಲೇ ನೋವು ಬರುವುದಿಲ್ಲ. ಕೆಲವರಿಗೆ ಸೊಂಟದಲ್ಲಿ ಶುರುವಾಗಿ ಮುಂದಕ್ಕೆ ಸುತ್ತಿಕೊಳ್ಳುತ್ತದೆ, ಕೆಲವರಿಗೆ ತೊಡೆಗೆ ಇಳಿಯುತ್ತದೆ, ಕೆಲವರಿಗೆ ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಂಡುತ್ತದೆ. ಬರೀ ಸೊಂಟ ನೋವು ಎಂದು ತಳ್ಳಿಹಾಕುವ ಮುಂಚೆ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿ. ಸೊಂಟ ನೋಯುವ ಹೊತ್ತಿಗೇ ಹೊಟ್ಟೆಯೂ ಗಟ್ಟಿಯಾಗುತ್ತಿದ್ದರೆ ಅದನ್ನು ಎಣಿಸಬೇಕು.

ಹಂತ 4: ಸುಳ್ಳು ನೋವಾ, ನಿಜವಾದದ್ದಾ?

ಕೊನೆಯ ತಿಂಗಳುಗಳಲ್ಲಿ ಗರ್ಭಕೋಶ ಆಗಾಗ ತಾನಾಗಿಯೇ ಬಿಗಿದುಕೊಳ್ಳುತ್ತದೆ. ಇದನ್ನೇ ಸುಳ್ಳು ನೋವು ಎನ್ನುವುದು. ಡಾಕ್ಟರುಗಳ ಬಾಯಲ್ಲಿ ಬ್ರಾಕ್ಸ್‌ಟನ್ ಹಿಕ್ಸ್. ಇದನ್ನು ಎಣಿಸಿ ಎಣಿಸಿ ನಿದ್ದೆ ಕೆಡಿಸಿಕೊಳ್ಳುವುದಕ್ಕಿಂತ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ.

ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ತುಂಬಿದ ಮೂತ್ರಕೋಶವೇ ಎಷ್ಟೋ ಸಲ ಹೊಟ್ಟೆ ಬಿಗಿಯಲು ಕಾರಣ. ಆಮೇಲೆ ಎರಡು ಲೋಟ ನೀರು ಕುಡಿಯಿರಿ, ಮೈಯಲ್ಲಿ ನೀರಿನ ಅಂಶ ಕಡಿಮೆಯಾದರೂ ಹೀಗೆ ಆಗುತ್ತದೆ. ಮಲಗಿದ್ದರೆ ಎದ್ದು ಸ್ವಲ್ಪ ಓಡಾಡಿ. ಓಡಾಡುತ್ತಿದ್ದರೆ ಮಲಗಿ. ಬೇಕಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ. ಇಷ್ಟಕ್ಕೆ ಒಂದು ಗಂಟೆ ಕೊಡಿ.

ಸುಳ್ಳು ನೋವಾದರೆ ಕಡಿಮೆಯಾಗುತ್ತದೆ, ಅಥವಾ ನಿಂತೇ ಹೋಗುತ್ತದೆ. ಹೋಗದೇ ಇದ್ದರೂ ಹತ್ತು ನಿಮಿಷಕ್ಕೊಮ್ಮೆ, ಮೂರು ನಿಮಿಷಕ್ಕೊಮ್ಮೆ, ಮತ್ತೆ ಅರ್ಧ ಗಂಟೆ ಬಿಟ್ಟು, ಹೀಗೆ ತಾಳವಿಲ್ಲದೆ ಬರುತ್ತಿರುತ್ತದೆ. ನಿಜವಾದ ನೋವು ನೀವು ನಡೆದರೂ ಮಲಗಿದರೂ ನಿಲ್ಲುವುದಿಲ್ಲ. ಹೊತ್ತು ಹೋದಂತೆ ಹತ್ತಿರ ಹತ್ತಿರ ಬರುತ್ತದೆ, ಹೆಚ್ಚು ಹೊತ್ತು ಇರುತ್ತದೆ, ಜೋರಾಗುತ್ತದೆ. ಈ ಮೂರೂ ಒಟ್ಟಿಗೆ ಮುಂದೆ ಹೋಗುತ್ತಿವೆಯಾ ಎನ್ನುವುದೇ ನೋಡಬೇಕಾದದ್ದು.

ಎರಡರ ನಡುವೆ ಇನ್ನೊಂದು ಸ್ಥಿತಿ ಇದೆ. ನೋವು ನಿಜವಾದದ್ದೇ, ಗರ್ಭಕೋಶದ ಬಾಯಿ ಮೆತ್ತಗಾಗಿ ತೆಳುವಾಗುತ್ತಿದೆ, ಆದರೆ ಎಲ್ಲ ನಿಧಾನ. ನಾಲ್ಕು ಗಂಟೆ ಬಂದು, ಆಮೇಲೆ ಬಿಟ್ಟು, ಮತ್ತೆ ರಾತ್ರಿ ಬರಬಹುದು. ಇದು ಹೆರಿಗೆಯ ಆರಂಭದ ಭಾಗ. ಚೊಚ್ಚಲ ಹೆರಿಗೆಯಲ್ಲಿ ಇದು ಒಂದು ದಿನಕ್ಕೂ ಮೀರಿ ಎಳೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಬಾಯಿ 5 ಸೆಂಟಿಮೀಟರ್ ತೆರೆಯುವವರೆಗೆ ಇದೇ ನಿಧಾನದ ಹಂತ ಎಂದು ಪರಿಗಣಿಸುತ್ತದೆ, ಇದಕ್ಕೆ ಇಷ್ಟೇ ಗಂಟೆ ಎಂಬ ಲೆಕ್ಕವಿಲ್ಲ ಎಂದೂ ಹೇಳುತ್ತದೆ. ಹಾಗಾಗಿ ತಡವಾಗುತ್ತಿದೆ ಎಂದು ಹೆದರಬೇಡಿ. ಪೂರ್ತಿ ತೆರೆಯುವುದು ಎಂದರೆ 10 ಸೆಂಟಿಮೀಟರ್.

ಲೋಳೆಯ ಜೊತೆ ಸ್ವಲ್ಪ ಗುಲಾಬಿ ಅಥವಾ ಕಂದು ಬಣ್ಣ ಕಾಣಿಸಿಕೊಳ್ಳುವುದು ಈ ಸಮಯದಲ್ಲಿ ಸಹಜ. ಅದು ಬಂತು ಎಂದರೆ ಇವತ್ತೇ ಹೆರಿಗೆ ಎಂದಲ್ಲ, ಇನ್ನೂ ಕೆಲವು ದಿನ ಆಗಬಹುದು. ರಕ್ತ ಹರಿದು ಪ್ಯಾಡ್ ನೆನೆಯುತ್ತಿದ್ದರೆ ಮಾತ್ರ ಹಂತ 2ಕ್ಕೆ ಹೋಗಿ, ಎಂದರೆ ಹೊರಡಿ.

ಹಂತ 5: ಈಗ ಗಡಿಯಾರ ತೆಗೆಯಿರಿ

ಅಳೆಯಬೇಕಾದದ್ದು ಎರಡು. ಒಂದು ನೋವು ಎಷ್ಟು ಹೊತ್ತು ಇತ್ತು ಎನ್ನುವುದು. ಇನ್ನೊಂದು, ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ ಎನ್ನುವುದು. ಹೆಚ್ಚಿನ ಗೊಂದಲವೆಲ್ಲ ಎರಡನೆಯದರಲ್ಲೇ.

ಎಷ್ಟು ಹೊತ್ತು: ಹೊಟ್ಟೆ ಬಿಗಿಯಲು ಶುರುವಾದ ಕ್ಷಣದಿಂದ ಪೂರ್ತಿ ಸಡಿಲವಾಗುವವರೆಗೆ. ಇದು ಸೆಕೆಂಡ್‌ಗಳ ಲೆಕ್ಕ.

ಎಷ್ಟಕ್ಕೊಮ್ಮೆ: ಒಂದು ನೋವು ಶುರುವಾದಲ್ಲಿಂದ ಮುಂದಿನ ನೋವು ಶುರುವಾಗುವವರೆಗೆ. ಶುರುವಿನಿಂದ ಶುರುವಿಗೆ. ಮುಗಿದಲ್ಲಿಂದ ಅಲ್ಲ.

ಉದಾಹರಣೆ ನೋಡಿ. ಒಂದು ನೋವು 8:00ಕ್ಕೆ ಶುರುವಾಯಿತು, 8:01ಕ್ಕೆ ಮುಗಿಯಿತು. ಮುಂದಿನದು 8:05ಕ್ಕೆ ಬಂತು. ಇದು 5 ನಿಮಿಷಕ್ಕೊಮ್ಮೆ ಬರುವ ನೋವು, 4 ನಿಮಿಷದ್ದಲ್ಲ. ಒಂದು ನಿಮಿಷದ ವ್ಯತ್ಯಾಸ ತಾನೇ ಅನ್ನಬೇಡಿ. ನೋವು ಜೋರಾದಂತೆ ಈ ತಪ್ಪು ಹಿಗ್ಗುತ್ತದೆ: 3 ನಿಮಿಷಕ್ಕೊಮ್ಮೆ, ಒಂದೂವರೆ ನಿಮಿಷ ಇರುವ ನೋವನ್ನು ಮುಗಿದಲ್ಲಿಂದ ಎಣಿಸಿದರೆ "ಒಂದೂವರೆ ನಿಮಿಷಕ್ಕೊಮ್ಮೆ" ಎಂದು ಬರುತ್ತದೆ, ಫೋನ್‌ನಲ್ಲಿ ಹಾಗೆ ಕೇಳಿದವರಿಗೆ ಪರಿಸ್ಥಿತಿ ಬೇರೆಯೇ ಆಗಿ ಕಾಣುತ್ತದೆ.

ಹಾಳೆಯ ಮೇಲೆ ಮೂರು ಕಾಲಂ ಹಾಕಿಕೊಳ್ಳಿ. ಮೊದಲನೆಯದರಲ್ಲಿ ಶುರುವಾದ ಸಮಯ. ಎರಡನೆಯದರಲ್ಲಿ ಎಷ್ಟು ಸೆಕೆಂಡ್. ಮೂರನೆಯದರಲ್ಲಿ ಹೇಗಿತ್ತು ಎಂದು ಒಂದೆರಡು ಪದ: "ಮಾತಾಡಿದಳು", "ಮಾತು ನಿಂತಿತು", "ಕಣ್ಣು ಮುಚ್ಚಿ ಉಸಿರು ಬಿಟ್ಟಳು". ಈ ಮೂರನೆಯ ಕಾಲಂ ಅನ್ನು ಎಲ್ಲರೂ ಬಿಡುತ್ತಾರೆ, ನನಗೆ ಮಾತ್ರ ಅದೇ ಹೆಚ್ಚು ಉಪಯೋಗದ್ದು ಅನ್ನಿಸುತ್ತದೆ. ಅಂತರ ಕಡಿಮೆ ಇದ್ದೂ ಮಾತು ನಗು ಸರಾಗವಾಗಿದ್ದರೆ ಸಾಮಾನ್ಯವಾಗಿ ಇನ್ನೂ ಆರಂಭ. ನೋವು ಬಂದಾಗ ವಾಕ್ಯ ಅರ್ಧಕ್ಕೇ ನಿಂತು, ಅದು ಹೋಗುವವರೆಗೂ ಬೇರೇನೂ ಬೇಡ ಅನ್ನಿಸುತ್ತಿದ್ದರೆ ವಿಷಯ ಮುಂದಕ್ಕೆ ಹೋಗಿದೆ.

ಎಣಿಸುವ ಕೆಲಸ ಜೊತೆಗಿರುವವರದ್ದು. ನೋವು ತಿನ್ನುತ್ತಿರುವವರು "ಬಂತು", "ಹೋಯ್ತು" ಎಂದಷ್ಟೇ ಹೇಳಲಿ, ಅದೂ ಬೇಡವೆನಿಸಿದರೆ ಕೈ ಎತ್ತಲಿ. ಒಬ್ಬರೇ ಇದ್ದರೆ ಸೆಕೆಂಡ್ ಬಿಡಿ, ಶುರುವಾದ ಸಮಯ ಮಾತ್ರ ಬರೆದುಕೊಳ್ಳಿ. ಹೊರಡುವ ನಿರ್ಧಾರಕ್ಕೆ ಅದೂ ಸಾಕು.

ನೋವು ತುದಿಗೇರಿದ ಮೇಲೆ ಗಡಿಯಾರ ನೋಡುವುದು ಇನ್ನೊಂದು ಸಾಮಾನ್ಯ ತಪ್ಪು. ನೋವು ನಿಧಾನವಾಗಿ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ತುದಿಯಲ್ಲಿ ನೆನಪಾಗಿ ಎಣಿಸಿದರೆ 60 ಸೆಕೆಂಡಿನ ನೋವು 30 ಆಗಿ ಕಾಣುತ್ತದೆ. ಮೊದಲ ಬಿಗಿತ ಗೊತ್ತಾದ ಕೂಡಲೇ "ಬಂತು" ಎನ್ನಬೇಕು.

ಎಷ್ಟು ಹೊತ್ತು ಎಣಿಸಬೇಕು? ಐದಾರು ನೋವು ಬರುವವರೆಗೆ, ಅಥವಾ ಒಂದು ಗಂಟೆ. ಆಮೇಲೆ ಹಾಳೆ ಪಕ್ಕಕ್ಕಿಡಿ. ನೋವಿನ ಸ್ವಭಾವ ಬದಲಾಯಿತು ಅನ್ನಿಸಿದಾಗ ಮತ್ತೆ ತೆಗೆಯಿರಿ. ಇಡೀ ರಾತ್ರಿ ಒಂದೊಂದೂ ಎಣಿಸುತ್ತಾ ಕೂತರೆ, ನಿಜವಾಗಿ ಶಕ್ತಿ ಬೇಕಾಗುವ ಹೊತ್ತಿಗೆ ಇಬ್ಬರೂ ದಣಿದಿರುತ್ತೀರಿ.

ಹಂತ 6: ಬರೆದದ್ದನ್ನು ಓದುವುದು

ಒಂದು ನೋವನ್ನು ನೋಡಿ ಏನೂ ಹೇಳಲು ಬರುವುದಿಲ್ಲ. ಎರಡು ನೋಡಿಯೂ ಬರುವುದಿಲ್ಲ. ಸಾಲಾಗಿ ಓದಬೇಕು.

ಮೊದಲ ಹಾಳೆ ಹೀಗಿದೆ ಎಂದುಕೊಳ್ಳಿ:
10:02, 40 ಸೆಕೆಂಡ್
10:14, 35 ಸೆಕೆಂಡ್
10:21, 50 ಸೆಕೆಂಡ್
10:35, 30 ಸೆಕೆಂಡ್

ಅಂತರ 12, 7, 14 ನಿಮಿಷ. ಒಂದಕ್ಕೊಂದು ಹೊಂದಿಕೆಯಿಲ್ಲ, ಕೊನೆಯದು ಇನ್ನೂ ದೂರ ಹೋಗಿದೆ, ಅವಧಿಯೂ ಕಡಿಮೆಯಾಗಿದೆ. ಇಲ್ಲಿ ಮಾಡಬೇಕಾದದ್ದು ಏನಾದರೂ ತಿಂದು ಮಲಗುವುದು.

ಎರಡನೆಯ ಹಾಳೆ:
2:00, 50 ಸೆಕೆಂಡ್
2:06, 55 ಸೆಕೆಂಡ್
2:11, 60 ಸೆಕೆಂಡ್
2:16, 60 ಸೆಕೆಂಡ್
2:21, 65 ಸೆಕೆಂಡ್
2:25, 60 ಸೆಕೆಂಡ್

ಅಂತರ 6, 5, 5, 5, 4. ಹತ್ತಿರವಾಗುತ್ತಿದೆ, ಅವಧಿ ಒಂದು ನಿಮಿಷಕ್ಕೆ ಬಂದು ನಿಂತಿದೆ. ಇದು ಹೆರಿಗೆಯ ದಾರಿ ಹಿಡಿದ ನೋವು. ಇಲ್ಲಿ ಬ್ಯಾಗ್ ಬಾಗಿಲ ಹತ್ತಿರ ಬರಬೇಕು, ಆಸ್ಪತ್ರೆಗೆ ಫೋನ್ ಹೋಗಬೇಕು. ನಡುವೆ ಒಂದು ನೋವು ಒಂದೆರಡು ನಿಮಿಷ ತಡವಾದರೆ ಲೆಕ್ಕ ಕೆಟ್ಟಿತು ಎಂದುಕೊಳ್ಳಬೇಡಿ. ಮಗ್ಗುಲು ಬದಲಿಸಿದರೂ ಅಷ್ಟು ಹೆಚ್ಚುಕಡಿಮೆ ಆಗುತ್ತದೆ.

ನೋವುಗಳ ನಡುವಿನ ಬಿಡುವನ್ನೂ ಗಮನಿಸಿ. ಗರ್ಭಕೋಶ ಹಿಂಡಿದಾಗ ಕಸದ ಮೂಲಕ ಮಗುವಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ, ಬಿಟ್ಟಾಗ ಮತ್ತೆ ಹರಿಯುತ್ತದೆ. ಆರೋಗ್ಯವಾಗಿರುವ ಮಗು ಇದನ್ನು ತಡೆದುಕೊಳ್ಳುತ್ತದೆ, ಆದರೆ ಅದಕ್ಕೆ ಆ ಬಿಡುವು ಬೇಕೇ ಬೇಕು. 10 ನಿಮಿಷದಲ್ಲಿ 5ಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ, ಒಂದೇ ನೋವು 2 ನಿಮಿಷ ದಾಟಿದರೆ, ನಡುವೆ ಹೊಟ್ಟೆ ಮೆತ್ತಗಾಗದೇ ಇದ್ದರೆ ಅದು ಒಳ್ಳೆಯ ಪ್ರಗತಿ ಅಲ್ಲ. ತಕ್ಷಣ ಹೊರಡಿ, ದಾರಿಯಲ್ಲಿ ಎಡಗಡೆಗೆ ತಿರುಗಿ ಮಲಗಿ.

ಹಂತ 7: ಯಾವಾಗ ಹೊರಡಬೇಕು

ಚೊಚ್ಚಲ ಹೆರಿಗೆ, ತಿಂಗಳು ತುಂಬಿದೆ, ತೊಂದರೆ ಏನೂ ಇಲ್ಲ, ಆಸ್ಪತ್ರೆ ಹತ್ತಿರದಲ್ಲಿದೆ. ಇಂಥವರಿಗೆ ಸಾಮಾನ್ಯವಾಗಿ ಹೇಳುವುದು 5-1-1. 5 ನಿಮಿಷಕ್ಕೊಮ್ಮೆ ಬರಬೇಕು, 1 ನಿಮಿಷ ಇರಬೇಕು, ಹೀಗೆ 1 ಗಂಟೆ ನಡೆದಿರಬೇಕು. ಮೂರೂ ಸೇರಬೇಕು. 5 ನಿಮಿಷಕ್ಕೊಮ್ಮೆ ಬಂದರೂ 25 ಸೆಕೆಂಡಿಗೇ ಹೋಗುತ್ತಿದ್ದರೆ ಇನ್ನೂ ಸಮಯವಿದೆ.

ಎರಡನೆಯ, ಮೂರನೆಯ ಹೆರಿಗೆಯವರು ಈ ನಿಯಮ ನೆಚ್ಚಿಕೊಂಡು ಕಾಯಬೇಡಿ. ಒಮ್ಮೆ ತೆರೆದ ಬಾಯಿ ಈ ಸಲ ಬೇಗ ತೆರೆಯುತ್ತದೆ. 10 ನಿಮಿಷಕ್ಕೊಮ್ಮೆ ಕ್ರಮವಾಗಿ ಬಂದು ಜೋರಾಗುತ್ತಿದೆ ಅನ್ನಿಸಿದರೆ ಫೋನ್ ಮಾಡಿ, ಹೊರಡಲು ತಯಾರಾಗಿ. ಮನೆಯಲ್ಲಿ ಇನ್ನೊಂದು ಮಗುವನ್ನು ಯಾರ ಹತ್ತಿರ ಬಿಡಬೇಕು ಎಂಬ ಏರ್ಪಾಡಿಗೂ ಸಮಯ ಹಿಡಿಯುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ದಾರಿ ಒಂದು ಗಂಟೆಯದ್ದಾದರೆ ಆ ಒಂದು ಗಂಟೆಯನ್ನು ಕಳೆದು ಯೋಚಿಸಿ. ರಾತ್ರಿ ಗಾಡಿ ಸಿಗುವುದು ಕಷ್ಟ ಅಂತಿದ್ದರೆ ಇನ್ನೂ ಮುಂಚೆ. ವಾಪಸ್ ಕಳಿಸುತ್ತಾರೆ ಎಂಬ ಮುಜುಗರಕ್ಕೆ ಯಾರೂ ಮನೆಯಲ್ಲಿ ಕೂರಬಾರದು.

ನಿಮಿಷಗಳ ಲೆಕ್ಕವೇ ಬೇಡವಾದ ಒಂದು ಸೂಚನೆ ಇದೆ: ಮಲವಿಸರ್ಜನೆಗೆ ಹೋಗಬೇಕು ಎಂಬಂತೆ ಕೆಳಗೆ ಜೋರಾಗಿ ಒತ್ತಡ ಬರುವುದು, ತಡೆಯಲಾಗದಂತೆ ಮುಕ್ಕರಿಸಬೇಕು ಅನ್ನಿಸುವುದು. ಶೌಚಾಲಯಕ್ಕೆ ಹೋಗಿ ಕೂರಬೇಡಿ. ಮಗು ಕೆಳಗಿಳಿದಿರಬಹುದು. ಕೂಡಲೇ ಆಂಬುಲೆನ್ಸ್‌ಗೆ ಫೋನ್ ಮಾಡಿ.

ಹಂತ 8: ನೀರು ಒಡೆದರೆ

ನೋವು ಇರಲಿ ಇಲ್ಲದಿರಲಿ, ನೀರು ಒಡೆದರೆ ಆಸ್ಪತ್ರೆಗೆ ತಿಳಿಸಿ ಹೊರಡಬೇಕು. ಮೊದಲು ಸಮಯ ಬರೆದುಕೊಳ್ಳಿ. ಆಮೇಲೆ ಬಣ್ಣ, ವಾಸನೆ, ಎಷ್ಟು ಹೋಯಿತು ಎನ್ನುವುದು. ತಿಳಿ ನೀರಿನಂತಿದ್ದರೆ, ಅಥವಾ ತುಸು ಗುಲಾಬಿ ಛಾಯೆ ಇದ್ದರೆ ಗಾಬರಿ ಬೇಡ. ಹಸಿರು ಅಥವಾ ಕಂದು ಎಂದರೆ ಮಗು ಒಳಗೇ ಮಲ ಮಾಡಿರಬಹುದು, ಆಗ ತಡ ಮಾಡಬಾರದು.

ಎಲ್ಲರಿಗೂ ಧಾರಾಕಾರವಾಗಿ ಹೋಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಒಸರಿ ಮೂತ್ರವೋ ನೀರೋ ತಿಳಿಯದೇ ಹೋಗಬಹುದು. ಮೂತ್ರ ಮಾಡಿ ಬಂದು, ಒಣ ಪ್ಯಾಡ್ ಹಾಕಿಕೊಂಡು ಅರ್ಧ ಗಂಟೆ ಮಲಗಿ, ಆಮೇಲೆ ಎದ್ದು ನಿಲ್ಲಿ. ಮತ್ತೆ ಒದ್ದೆಯಾಗಿದ್ದರೆ, ಮೂತ್ರದ ವಾಸನೆ ಇಲ್ಲದಿದ್ದರೆ, ಅದು ನೀರೇ ಎಂದುಕೊಂಡು ಹೊರಡಿ. ಆ ಪ್ಯಾಡ್ ಎಸೆಯಬೇಡಿ, ತೋರಿಸಲು ಜೊತೆಗೆ ಒಯ್ಯಿರಿ.

ತಿಂಗಳು ತುಂಬಿದವರಲ್ಲಿ ಹೆಚ್ಚಿನವರಿಗೆ ನೀರು ಒಡೆದ 24 ಗಂಟೆಯೊಳಗೆ ನೋವು ತಾನಾಗಿಯೇ ಶುರುವಾಗುತ್ತದೆ. ಆದರೆ ಹೊತ್ತು ಕಳೆದಂತೆ ಸೋಂಕಿನ ಭಯ ಜಾಸ್ತಿ. ಅದಕ್ಕೇ ಒಡೆದ ಸಮಯ ಅಷ್ಟು ಮುಖ್ಯ. ಒಳಗೆ ಕೈಹಾಕಿ ನೋಡುವುದು, ಟ್ಯಾಂಪನ್ ಇಡುವುದು, ಲೈಂಗಿಕ ಸಂಪರ್ಕ, ಇವು ಯಾವುದೂ ಬೇಡ.

ಅಪರೂಪಕ್ಕೆ ನೀರಿನ ಜೊತೆ ಹೊಕ್ಕುಳಬಳ್ಳಿ ಜಾರಿ ಬರುತ್ತದೆ. ಯೋನಿಯ ಹತ್ತಿರ ಹಗ್ಗದಂಥದ್ದು ಕಂಡರೆ ಅಥವಾ ಕೈಗೆ ತಗುಲಿದರೆ, ಮಂಡಿ ಮತ್ತು ಎದೆಯನ್ನು ನೆಲಕ್ಕೆ ತಾಗಿಸಿ, ಸೊಂಟ ಮೇಲೆತ್ತಿ ಬಗ್ಗಿಕೊಳ್ಳಿ. ಜೊತೆಗಿರುವವರು ಆಂಬುಲೆನ್ಸ್ ಕರೆಯಲಿ. ಬಳ್ಳಿಯನ್ನು ಮುಟ್ಟಬೇಡಿ, ಒಳಗೆ ತಳ್ಳಬೇಡಿ, ಎದ್ದು ನಡೆಯಬೇಡಿ.

ಹಂತ 9: ಮನೆಯಲ್ಲಿ ಕಾಯುವ ಹೊತ್ತು

ಎಲ್ಲ ಸರಿಯಿದೆ, ಇನ್ನೂ 8, 10 ನಿಮಿಷಕ್ಕೊಮ್ಮೆ ಬರುತ್ತಿದೆ, ಆಸ್ಪತ್ರೆಯವರೂ ಮನೆಯಲ್ಲೇ ಇರಿ ಎಂದಿದ್ದಾರೆ. ಆಗ ರಾತ್ರಿಯಾದರೆ ಮಲಗಿ, ನಿದ್ದೆ ಬಾರದಿದ್ದರೂ ಕಣ್ಣು ಮುಚ್ಚಿ. ಹಗಲಾದರೆ ಸ್ವಲ್ಪ ಓಡಾಡಿ. ಹಗುರವಾದದ್ದು ತಿನ್ನಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ (ಸಿಸೇರಿಯನ್ ಆಗಬಹುದು ಎಂದು ಮೊದಲೇ ಹೇಳಿದ್ದರೆ ತಿನ್ನುವ ಮುಂಚೆ ಕೇಳಿ). ಎರಡು ಗಂಟೆಗೊಮ್ಮೆಯಾದರೂ ಮೂತ್ರಕ್ಕೆ ಹೋಗಿ. ನೋವು ಬಂದಾಗ ಮುಂದಕ್ಕೆ ಬಾಗಿ ಗೋಡೆಗೋ ಮೇಜಿಗೋ ಒರಗಿ, ನಿಧಾನವಾಗಿ ಉಸಿರು ಬಿಡಿ. ಸೊಂಟ ಹಿಡಿದಿದ್ದರೆ ಜೊತೆಗಿರುವವರು ಅಂಗೈಯಿಂದ ಸೊಂಟದ ಕೆಳಭಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿದರೆ ಹಿತವಾಗುತ್ತದೆ.

ನೋವು ಬೇಗ ಬರಲಿ ಎಂದು ಹರಳೆಣ್ಣೆ ಕುಡಿಯುವುದು, ಯಾರೋ ಕೊಟ್ಟ ಮಾತ್ರೆ ನುಂಗುವುದು ಬೇಡವೇ ಬೇಡ. ನೋವಿನ ಮಾತ್ರೆಯನ್ನೂ ಕೇಳಿಯೇ ತೆಗೆದುಕೊಳ್ಳಿ. ಹೊಟ್ಟೆಯನ್ನು ಕೆಳಕ್ಕೆ ನೀವಿ ಒತ್ತುವುದನ್ನು ಯಾರಿಗೂ ಮಾಡಲು ಬಿಡಬೇಡಿ. ಮುಕ್ಕುವ ಹೊತ್ತು ಬರುವ ಮುಂಚೆಯೇ "ಮುಕ್ಕು, ಮುಕ್ಕು" ಎಂದು ಹುರಿದುಂಬಿಸುವುದೂ ತಪ್ಪು, ಸುಮ್ನೆ ಶಕ್ತಿ ಹೋಗುತ್ತದೆ.

ಹಂತ 2ರ ಪಟ್ಟಿಯನ್ನು ಗಂಟೆಗೊಮ್ಮೆ ಮತ್ತೆ ಓದಿ. ಬೆಳಗ್ಗೆ ಇಲ್ಲದ್ದು ಮಧ್ಯಾಹ್ನ ಬರಬಹುದು.

ಹಂತ 10: ಫೋನ್‌ನಲ್ಲಿ ಏನು ಹೇಳಬೇಕು

"ನೋವು ಶುರುವಾಗಿದೆ, ಬರಬೇಕಾ?" ಎಂದಷ್ಟೇ ಕೇಳಿದರೆ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಹೇಳಿ: "ಮೊದಲ ಹೆರಿಗೆ, 39 ವಾರ. ಒಂದು ಗಂಟೆಯಿಂದ 5 ನಿಮಿಷಕ್ಕೊಮ್ಮೆ ನೋವು ಬರುತ್ತಿದೆ, ಶುರುವಿನಿಂದ ಶುರುವಿಗೆ. ಒಂದು ನಿಮಿಷ ಇರುತ್ತದೆ. ನೋವು ಬಂದಾಗ ಮಾತಾಡಲು ಆಗುತ್ತಿಲ್ಲ. ನೀರು ಒಡೆದಿಲ್ಲ, ರಕ್ತ ಇಲ್ಲ, ಮಗು ಆಡುತ್ತಿದೆ. ದಾರಿ 40 ನಿಮಿಷ." ಆಮೇಲೆ ಹಿಂದಿನ ಸಿಸೇರಿಯನ್, ಬಿಪಿ, ಸಕ್ಕರೆ, ಅಲರ್ಜಿ ಇದ್ದರೆ ಅದನ್ನು ಸೇರಿಸಿ.

ಸಾಧ್ಯವಾದರೆ ನೋವು ತಿನ್ನುತ್ತಿರುವವರೇ ಮಾತಾಡಲಿ. ಅವರ ಉಸಿರು, ನಡುವೆ ಮಾತು ನಿಲ್ಲುವ ರೀತಿ ಕೇಳಿಯೇ ಅನುಭವಿ ನರ್ಸ್‌ಗಳು ಎಷ್ಟೋ ತಿಳಿದುಕೊಳ್ಳುತ್ತಾರೆ.

ಅಲ್ಲಿ ಪರೀಕ್ಷೆ ಮಾಡಿ "ಇನ್ನೂ 2 ಸೆಂಟಿಮೀಟರ್, ಮನೆಗೆ ಹೋಗಿ" ಎಂದರೆ ಹೊರಡುವ ಮುಂಚೆ ಮೂರು ಕೇಳಿಕೊಳ್ಳಿ. ಮಗುವಿನ ಎದೆಬಡಿತ ಹೇಗಿದೆ? ಎಷ್ಟು ನಿಮಿಷಕ್ಕೊಮ್ಮೆ ಬಂದರೆ ವಾಪಸ್ ಬರಬೇಕು? ನೋವು ಹೀಗೇ ಇದ್ದರೆ ಎಷ್ಟು ಗಂಟೆಯೊಳಗೆ ಮತ್ತೆ ತೋರಿಸಬೇಕು? ಉತ್ತರವನ್ನು ಅದೇ ಹಾಳೆಯ ಮೇಲೆ ಬರೆದುಕೊಳ್ಳಿ.

ಹಂತ 11: ಮಗು ದಾರಿಯಲ್ಲೇ ಬಂದರೆ

ತಲೆ ಕಾಣಿಸುತ್ತಿದೆ ಎಂದಾದರೆ ಗಾಡಿ ಓಡಿಸಿ ತಲುಪುವ ಪ್ರಯತ್ನ ಬಿಡಿ. ಪಕ್ಕಕ್ಕೆ ನಿಲ್ಲಿಸಿ ಆಂಬುಲೆನ್ಸ್‌ಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಅವರು ಹೇಳಿದಂತೆ ಮಾಡಿ. ಕಾಲುಗಳನ್ನು ಒತ್ತಿ ಹಿಡಿದು ಮಗುವನ್ನು ತಡೆಯಬೇಡಿ. ತಲೆಗೆ ಮೆಲ್ಲಗೆ ಕೈ ಆಸರೆ ಕೊಡಿ, ಎಳೆಯಬೇಡಿ. ಮಗು ಬಂದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಬೆನ್ನು ಉಜ್ಜಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಒಣ ಬಟ್ಟೆ ಹೊದಿಸಿ. ಮಗುವಿನ ತಲೆಯನ್ನೂ ಮುಚ್ಚಿ. ಉಸಿರಾಡದಿದ್ದರೆ ಅದನ್ನು ಫೋನ್‌ನಲ್ಲಿರುವವರಿಗೆ ತಕ್ಷಣ ಹೇಳಿ.

ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಡಿ, ಎಳೆಯಬೇಡಿ. ಕಸ ತಾನಾಗಿ ಬಂದರೆ ಬಳ್ಳಿಯ ಜೊತೆಗೇ ಒಂದು ಚೀಲದಲ್ಲಿಟ್ಟು ಮಗುವಿನ ಪಕ್ಕದಲ್ಲೇ ಇಡಿ, ಆಸ್ಪತ್ರೆಯಲ್ಲಿ ಪೂರ್ತಿ ಬಂದಿದೆಯಾ ಎಂದು ನೋಡುತ್ತಾರೆ. ಮಗು ಹುಟ್ಟಿದ ಸಮಯ ಬರೆದುಕೊಳ್ಳಿ, ತಾಯಿಗೆ ಎಷ್ಟು ರಕ್ತ ಹೋಗುತ್ತಿದೆ ಎನ್ನುವುದರ ಮೇಲೆ ಕಣ್ಣಿಡಿ, ಆಂಬುಲೆನ್ಸ್ ಬರುವವರೆಗೂ ಫೋನ್ ಇಡಬೇಡಿ.